ಧರೆ ಕಾಯುವ ಕೆಲಸ ಯಾರದ್ದು?

ಜುಲೈ ಬಂತೆಂದರೆ ನಮ್ಮ ಕರಾವಳಿಯಲ್ಲಿ ರಾತ್ರಿ ಊಟದ ಹೊತ್ತಿಗೆ ಎಲ್ಲರ ಮೊಬೈಲಿಗೂ ಒಂದೇ ಕಾಗದದ ಫೋಟೊ ಬರುತ್ತದೆ. ರೆಡ್ ಅಲರ್ಟ್ ಇರುವ ಕಾರಣ ನಾಳೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಅಂಗನವಾಡಿ, ಶಾಲೆ, ಪಿಯು ಕಾಲೇಜುಗಳಿಗೆ ರಜೆ. ಮಕ್ಕಳು ಕುಣಿಯುತ್ತವೆ. ಮಾಸ್ತರರು ಇದನ್ನು ಯಾವ ಶನಿವಾರ ತುಂಬಿಸುವುದು ಎಂದು ಲೆಕ್ಕ ಹಾಕುತ್ತಾರೆ. ಅದೇ ರಾತ್ರಿ, ಅದೇ ರೆಡ್ ಅಲರ್ಟಿನಲ್ಲಿ, ಹೆದ್ದಾರಿ 66ರ ಮೇಲೆ ಗ್ಯಾಸ್ ಟ್ಯಾಂಕರು, ಮೀನಿನ ಲಾರಿ, ಮುಂಬೈ ಬಸ್ಸು ಎಂದಿನ ಹಾಗೆ ಓಡುತ್ತಿರುತ್ತವೆ, ನೆಟ್ಟಗೆ ಕಡಿದಿಟ್ಟ ಧರೆಯ, ಅಂದರೆ ಗುಡ್ಡ ಕಡಿದಲ್ಲಿ ಉಳಿಯುವ ಮಣ್ಣಿನ ಗೋಡೆಯ, ಬುಡದಲ್ಲೇ. ಶಾಲೆಗೆ ರಜೆ ಉಂಟು, ರಸ್ತೆಗೆ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಮಿನಲ್ಲಿ ಅಪಾಯದ ಜಾಗದಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಜಿಲ್ಲಾ ಪ್ರಾಧಿಕಾರಕ್ಕೆ ಸ್ಪಷ್ಟವಾಗಿಯೇ ಇದೆ. ಹಾಗಾಗಿ ಅಧಿಕಾರಕ್ಕೇನೂ ಬಡತನವಿಲ್ಲ. ಯಾವ ತಿರುವನ್ನು ಯಾವ ಹೊತ್ತಿಗೆ ಮುಚ್ಚಬೇಕು ಎಂದು ಮಳೆಯಲ್ಲಿ ನಿಂತು ನೋಡಿ ಹೇಳುವ ಮನುಷ್ಯ ಮಾತ್ರ ಇಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ನಡೆದದ್ದನ್ನು ಈ ಭಾಗದವರಿಗೆ ಮತ್ತೆ ಹೇಳಬೇಕಾಗಿಲ್ಲ. ಪುನರ್ವಸು ಮಳೆ, ಬೆಳಗಿನ ಚಹಾದ ಹೊತ್ತು, ಧರೆಯ ಬುಡದಲ್ಲೊಂದು ಅಂಗಡಿ, ಅದರ ಆಚೀಚೆ ನಿಂತ ಲಾರಿಗಳು. ಗುಡ್ಡ ಜರಿದು ರಸ್ತೆ ದಾಟಿ ಗಂಗಾವಳಿ ಹೊಳೆಗೆ ಇಳಿಯಿತು. ಹೊಳೆಯಲ್ಲಿ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಹನ್ನೊಂದು ಜೀವ ಹೋಯಿತು. ಮರದ ದಿಮ್ಮಿ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, 71 ದಿನಗಳ ಮೇಲೆ. ನಡುವೆ ಸೆಪ್ಟೆಂಬರ್ 15 ಬಂದು ಹೋಗಿತ್ತು. ಎಂಜಿನಿಯರುಗಳ ದಿನ. ನಾಡಿನ ಕಚೇರಿ ಕಚೇರಿಯಲ್ಲೂ ವಿಶ್ವೇಶ್ವರಯ್ಯನವರ ಫೋಟೊಕ್ಕೆ ಹಾರ ಬಿದ್ದ ಹೊತ್ತಿನಲ್ಲಿ ಲಾರಿ ಇನ್ನೂ ಗಂಗಾವಳಿಯ ಹೂಳಿನೊಳಗಿತ್ತು. ಗುಡ್ಡ ಜರಿದು ಮೂರು ವಾರ ಕಳೆಯಿತು ಎನ್ನುವಾಗ ಇನ್ನೊಂದು: ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಅದರ ಮೇಲಿದ್ದ ಲಾರಿಯ ಚಾಲಕ ಹೇಗೋ ಬದುಕಿಕೊಂಡ.

ಇಂಥ ದಿನಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ತೀರ್ಪು ಒಂದೇ: "ಎಲ್ಲ ದುಡ್ಡು ತಿಂದಿದ್ದಾರೆ." ತಿಂದಿರಬಹುದು. ಆದರೆ ಒಬ್ಬರೂ ಒಂದು ರೂಪಾಯಿ ತಿನ್ನದಿದ್ದರೂ ನಮ್ಮ ಧರೆಗಳು ಜರಿಯುವ ಸಾಧ್ಯತೆ ಇದೆಯಲ್ಲ, ಅದು ಹೆಚ್ಚು ಹೆದರಿಸುವ ವಿಷಯ. ಕಡತ ತೆರೆದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸಿ ರುಜು ಹಾಕಿರುತ್ತಾರೆ. ಗುಡ್ಡ ಮಾತ್ರ ಯಾರ ಪಾಲಿಗೂ ಬಂದಿರುವುದಿಲ್ಲ.

ಚಿರೆಕಲ್ಲಿನ ಮೋಸ

ಚಿರೆಕಲ್ಲಿನ, ಅಂದರೆ ಮನೆ ಕಟ್ಟುವ ಕೆಂಪುಕಲ್ಲಿನ, ಕ್ವಾರಿಗಳನ್ನು ನೋಡಿ ಬೆಳೆದ ಊರು ನಮ್ಮದು. ಯಂತ್ರದಲ್ಲಿ ಕೊಯ್ದ ಗೋಡೆ ಹತ್ತು ಹದಿನೈದು ಅಡಿ ನೆಟ್ಟಗೆ ನಿಂತಿರುತ್ತದೆ. ಹತ್ತು ಮಳೆಗಾಲ ಕಳೆದರೂ ಬೀಳುವುದಿಲ್ಲ, ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುತ್ತದೆ. ಬಾವಿಗಳೂ ಹಾಗೆಯೇ, ಮೇಲಿನ ಹಲವು ಅಡಿಗೆ ಕಟ್ಟೋಣವೇ ಬೇಡ. ಈ ಅನುಭವದಿಂದ ನಮಗೆಲ್ಲ ಒಂದು ನಂಬಿಕೆ ಬಂದುಬಿಟ್ಟಿದೆ: ಕೆಂಪುಕಲ್ಲಿನ ಧರೆ ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಕ್ವಾರಿಯವನಿಗೆ ಈ ಮಾತು ಸರಿ, ಏಕೆಂದರೆ ಕಲ್ಲು ಮುಗಿದಲ್ಲಿ ಅವನ ಕೆಲಸವೂ ಮುಗಿಯುತ್ತದೆ. ಅದರ ಕೆಳಗಿನ ಶೇಡಿ ಮಣ್ಣು ಅವನಿಗೆ ಬೇಡ. ರಸ್ತೆಯವನು ಅಲ್ಲಿಗೆ ನಿಲ್ಲುವುದಿಲ್ಲ. ರಸ್ತೆಯ ಮಟ್ಟ ಎಲ್ಲಿದೆಯೋ ಅಲ್ಲಿಯವರೆಗೆ, ಕಲ್ಲು ದಾಟಿ ಶೇಡಿಯೊಳಗೆ ಇಳಿಯುತ್ತಾನೆ.

ಶೇಡಿಯನ್ನು ಬೇಸಿಗೆಯಲ್ಲಿ ಮುಟ್ಟಿದರೆ ಸೀಮೆಸುಣ್ಣದ ಹಾಗಿರುತ್ತದೆ. ಬಿಳಿ, ಹಳದಿ, ಕೆಲವೆಡೆ ನಸುಗೆಂಪು. ಉಗುರಿನಲ್ಲಿ ಗೀರಿದರೆ ಪುಡಿ ಉದುರುತ್ತದೆ. ಮಲೆನಾಡಿನ ಮನೆಗಳ ಗೋಡೆಗೆ ಚಿತ್ತಾರ ಬರೆಯುವುದು ಇದನ್ನೇ ಕಲಸಿ. ಒಣಗಿದ್ದಾಗ ಹಿಟಾಚಿಯ ಬಕೆಟ್ಟಿಗೂ ಸುಲಭವಾಗಿ ಬಗ್ಗದಷ್ಟು ಬಿಗಿ. ಒಂದು ಹಿಡಿಯನ್ನು ಲೋಟದ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ, ಬದಿಗಳು ಕಳಚಿ ತಳದಲ್ಲಿ ದೋಸೆಹಿಟ್ಟಿನಂತೆ ಕೂರುತ್ತದೆ. ಮೇಲಿನ ಚಿರೆಕಲ್ಲಿನ ತುಂಬ ತೂತು, ಮಳೆನೀರು ಜಾಲರಿಯಲ್ಲಿ ಸುರಿದಂತೆ ಕೆಳಗಿಳಿಯುತ್ತದೆ. ಶೇಡಿ ಸಿಕ್ಕಲ್ಲಿ ಆ ಓಟ ನಿಲ್ಲುತ್ತದೆ. ಅಲ್ಲಿ ನೀರು ಕೂತು, ಮಣ್ಣಿನ ಕಣಗಳನ್ನು ಒಂದರಿಂದ ಒಂದು ತಳ್ಳತೊಡಗುತ್ತದೆ. ಮೇಲೆ ಕಲ್ಲಿನ ಭಾರ, ಕೆಳಗೆ ಹಿಟ್ಟು, ಮುಂದೆ ಆತುಕೊಳ್ಳಲು ಇದ್ದ ಗುಡ್ಡದ ಕಾಲನ್ನು ನಾವು ಕಡಿದು ಲಾರಿಗೆ ಹಾಕಿ ಕಳಿಸಿಯಾಗಿದೆ.

ನೀರಿನ ಪ್ರಮಾಣವನ್ನೂ ಒಮ್ಮೆ ನೆನೆಯಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಒಂದೇ ದಿನ ನೂರು ಮಿಲಿಮೀಟರ್ ಬೀಳುವುದು ನಮ್ಮಲ್ಲಿ ಆಷಾಢದಲ್ಲಿ ಅಪರೂಪವಲ್ಲ. ಅಷ್ಟು ಮಳೆಗೆ ಒಂದು ಎಕರೆ ಗುಡ್ಡದ ಮೇಲೆ ಬೀಳುವುದು ನಾಲ್ಕು ಲಕ್ಷ ಲೀಟರ್, ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಮೂವತ್ತಮೂರು ಲೋಡು. ವಾರಗಟ್ಟಲೆ ಹೀಗೆ ನೆನೆದ ಮೇಲೆ ಬರುವ ದೊಡ್ಡ ಮಳೆಯೇ ಕೆಡವುವ ಮಳೆ. ಹೆದ್ದಾರಿಯ ಸುಳಿವಿಲ್ಲದ ಕಡೆಯೂ ನಮ್ಮ ಗುಡ್ಡ ಜರಿದಿದೆ: 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ, 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ. ಗುಡ್ಡದ ಸ್ವಭಾವವೇ ಅಂಥದ್ದು ಎಂದು ಇದರಿಂದ ತಿಳಿಯುತ್ತದೆ. ಸ್ವಭಾವ ಗೊತ್ತಿದ್ದೂ ಅದರ ಕಾಲು ಕಡಿದವನ ಹೊಣೆ ಇದರಿಂದ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ನಲವತ್ತೈದು ಮೀಟರಿನ ಲೆಕ್ಕ

ಧರೆಯನ್ನು ಯಾವ ಇಳಿಜಾರಿನಲ್ಲಿ ಕಡಿಯಬೇಕೆಂದು ಎಂಜಿನಿಯರ್ ತೀರ್ಮಾನಿಸುತ್ತಾನೆ ಎಂದು ಹೊರಗಿನವರು ತಿಳಿದಿರುತ್ತಾರೆ. ನಮ್ಮ ಕರಾವಳಿಯಲ್ಲಿ ಬಹುಮಟ್ಟಿಗೆ ಅದು ತೀರ್ಮಾನವಾದದ್ದು ಭೂಸ್ವಾಧೀನದ ಸಭೆಗಳಲ್ಲಿ. ಚತುಷ್ಪಥಕ್ಕೆ ಅರವತ್ತು ಮೀಟರ್ ಅಗಲದ ಜಾಗ ಬೇಕೆಂದಾಗ ನಾವೆಲ್ಲ ವಿರೋಧಿಸಿದೆವು. ಸಮುದ್ರಕ್ಕೂ ಗುಡ್ಡಕ್ಕೂ ನಡುವಿನ ಸಪೂರ ಪಟ್ಟಿಯಲ್ಲಿ ಮನೆ, ಅಂಗಡಿ, ತೆಂಗಿನ ತೋಟ, ದೇವಸ್ಥಾನ ಎಲ್ಲ ಒತ್ತಿಕೊಂಡಿರುವಾಗ ಆ ವಿರೋಧ ನ್ಯಾಯವಾದದ್ದೇ. ಅಗಲ ನಲವತ್ತೈದಕ್ಕೆ ಇಳಿಯಿತು, ಪೇಟೆಗಳಲ್ಲಿ ಇನ್ನೂ ಕಡಿಮೆಗೆ. ಎಲ್ಲರಿಗೂ ಸಮಾಧಾನವಾಯಿತು. ಗುಡ್ಡದ ಪರವಾಗಿ ಆ ಸಭೆಯಲ್ಲಿ ಕೂತವರು ಇರಲಿಲ್ಲ.

ಈಗ ಕಾಗದದ ಮೇಲೆ ಕೂಡಿಸಿ ಕಳೆದು ನೋಡಿ. ಎರಡು ಬದಿಯ ಡಾಂಬರು ಏಳೇಳು ಮೀಟರ್, ನಡುವಿನ ಡಿವೈಡರ್, ಅಂಚಿನ ಪಟ್ಟಿಗಳು, ಎರಡು ಗಟಾರ. ಎಲ್ಲ ಸೇರಿ ಸುಮಾರು ಇಪ್ಪತ್ತೆಂಟು ಮೀಟರ್ ಹೋಯಿತು. ಉಳಿದ ಹದಿನೇಳನ್ನು ಪೂರ್ತಿ ಗುಡ್ಡದ ಬದಿಗೇ ಬಿಟ್ಟರು ಎಂದಿಟ್ಟುಕೊಳ್ಳೋಣ. ಇಪ್ಪತ್ನಾಲ್ಕು ಮೀಟರ್ ಎತ್ತರದ ಗುಡ್ಡವನ್ನು ಒಂದಕ್ಕೊಂದು ಇಳಿಜಾರಿನಲ್ಲಿ, ಅಂದರೆ ಒಂದು ಮೀಟರ್ ಏರಿಗೆ ಒಂದು ಮೀಟರ್ ಹಿಂದೆ ಸರಿದು, ಕಡಿಯಲು ಇಪ್ಪತ್ನಾಲ್ಕು ಮೀಟರ್ ಅಗಲ ಬೇಕು. ಆರು ಮೀಟರಿಗೊಂದು ಮೆಟ್ಟಿಲು, ಮೆಟ್ಟಿಲು ಎರಡು ಮೀಟರ್ ಅಗಲ ಎಂದರೆ ಮೂರು ಮೆಟ್ಟಿಲಿಗೆ ಇನ್ನಾರು. ಒಟ್ಟು ಮೂವತ್ತು. ಇರುವುದು ಹದಿನೇಳು. ಶೇಡಿಗೆ ಒಂದಕ್ಕೊಂದು ಕೂಡ ಕಡಿದಾದ ಇಳಿಜಾರೇ ಆಯಿತು, ಒಂದಕ್ಕೆ ಒಂದೂವರೆ ಬೇಕು ಅನ್ನುವವರ ಲೆಕ್ಕದಲ್ಲಿ ಇದು ನಲವತ್ತೆರಡಕ್ಕೆ ಹೋಗುತ್ತದೆ. ಆಗ ಉಳಿಯುವ ದಾರಿಗಳು ಮೂರು. ಗುಡ್ಡದ ಕಡೆ ಹೆಚ್ಚು ಜಾಗ ಕೇಳುವುದು. ಮೇಲಿನದು ಅರಣ್ಯವಾದರೆ ಮತ್ತೊಂದು ಸುತ್ತು ಅನುಮತಿ, ಮತ್ತೆ ತಡ. ಮಣ್ಣಿನೊಳಗೆ ಸರಳು ಹೊಡೆದು, ಬಲೆ ಹಾಸಿ, ನೀರು ಹೊರಬರಲು ಆಳದ ಪೈಪು ಕೂರಿಸಿ ನೆಟ್ಟಗಿನ ಧರೆಯನ್ನು ಹಿಡಿದಿಡುವುದು. ಮೊದಲ ಅಂದಾಜಿನಲ್ಲಿ ಇಲ್ಲದ ಖರ್ಚು. ಮೂರನೆಯದು, ಸುಮ್ಮನೆ ನೆಟ್ಟಗೆ ಕಡಿದು ಮುಂದೆ ಹೋಗುವುದು. ಅಂಕೋಲಾದಿಂದ ಭಟ್ಕಳದವರೆಗೆ ಕಿಟಕಿ ಬದಿ ಕೂತು ಹೋದರೆ ಎಲ್ಲೆಲ್ಲಿ ಯಾವ ದಾರಿ ಹಿಡಿದಿದ್ದಾರೆ ಎಂದು ನೀವೇ ಎಣಿಸಬಹುದು.

ವೃತ್ತಿಯ ಹೊಣೆ ಎಂಬುದು ಪರೀಕ್ಷೆಗೆ ಬೀಳುವುದು ಇಲ್ಲಿಯೇ. "ಈ ಅಗಲದಲ್ಲಿ ಈ ಗುಡ್ಡ ನಿಲ್ಲುವುದಿಲ್ಲ, ನಾನು ಈ ನಕ್ಷೆಗೆ ರುಜು ಹಾಕುವುದಿಲ್ಲ" ಎನ್ನಬೇಕಾದ ಒಂದು ಗಳಿಗೆ ಇರುತ್ತದೆ. ಹಾಗೆಂದವನ ಬೆನ್ನಿಗೆ ನಿಲ್ಲುವುದಕ್ಕೆ ಏನಿದೆ? ವಕೀಲರಿಗೆ 1961ರ ಕಾಯ್ದೆ ಇದೆ, ವಾಸ್ತುಶಿಲ್ಪಿಗಳಿಗೆ 1972ರದ್ದು, ವೈದ್ಯರಿಗೆ ಅವರ ಆಯೋಗ. ತಪ್ಪಿದರೆ ಹೆಸರು ಕಿತ್ತುಹಾಕುವ ಪಟ್ಟಿ ಅಲ್ಲೆಲ್ಲ ಉಂಟು. ಸಿವಿಲ್ ಎಂಜಿನಿಯರಿಗೆ ದೇಶಮಟ್ಟದಲ್ಲಿ ಅಂಥ ಕಾನೂನಿನ ನೋಂದಣಿಯೇ ಇಲ್ಲದೆ ನಾವು ಸೇತುವೆ, ಸುರಂಗ, ಹೆದ್ದಾರಿ ಕಟ್ಟಿಕೊಂಡು ಬಂದಿದ್ದೇವೆ. ಕಿತ್ತುಹಾಕುವ ಪಟ್ಟಿ ಇಲ್ಲವೆಂದರೆ ಶಿಕ್ಷೆ ಇಲ್ಲ ಎಂದಷ್ಟೇ ತಿಳಿಯಬಾರದು. ಇಲ್ಲ ಎನ್ನುವವನ ಕೈಗೂ ಆಯುಧವಿಲ್ಲ. ವೈದ್ಯನಾದರೆ "ನನ್ನ ಲೈಸೆನ್ಸ್ ಹೋಗುತ್ತದೆ, ಆಗುವುದಿಲ್ಲ" ಎನ್ನಬಹುದು. ಸಲಹಾ ಕಂಪನಿಯ ಹುಡುಗ ಏನು ಹೇಳಿಯಾನು? ಅವನು ಬಿಟ್ಟರೆ ಪಕ್ಕದ ಮೇಜಿನವನು ರುಜು ಹಾಕುತ್ತಾನೆ.

ಅಳತೆ ಪುಸ್ತಕದಲ್ಲಿ ಬರದ ಕೆಲಸ

ಗುತ್ತಿಗೆ ಕೆಲಸದಲ್ಲಿ ಅಳೆದದ್ದಕ್ಕೆ ಹಣ. ಕಡಿದ ಮಣ್ಣು ಇಷ್ಟು ಘನ ಮೀಟರ್, ಡಾಂಬರು ಇಷ್ಟು ಟನ್, ಕಾಂಕ್ರೀಟು ಇಷ್ಟು. ಧರೆಯ ನೆತ್ತಿಯ ಕಾಲುವೆಯನ್ನು ತೆಗೆದುಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಗುಡ್ಡಗಾಡು ರಸ್ತೆಯ ಕೈಪಿಡಿಯಲ್ಲಿ, ಎಸ್‌ಪಿ 48ರಲ್ಲಿ, ಇದರ ಪ್ರಸ್ತಾಪ ಇದೆ. ಅಡಿಕೆ ತೋಟದ ಮೇಲ್ಗಡೆ ಬೆಟ್ಟದ ನೀರು ತಿರುಗಿಸಲು ಅಗಳ ಹೊಡೆಯುವುದು ಶಿರಸಿ, ಸಿದ್ದಾಪುರದ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ, ಇದೂ ಅದೇ ಬುದ್ಧಿ. ಕಡಿದ ಅಂಚಿನಿಂದ ಮೂರರಿಂದ ಐದು ಮೀಟರ್ ಹಿಂದೆ, ಗುಡ್ಡದ ನೀರನ್ನೆಲ್ಲ ಅಡ್ಡಗಟ್ಟಿ ಬದಿಯ ಹಳ್ಳಕ್ಕೆ ಒಯ್ಯುವ ಕಾಲುವೆ. ತಳಕ್ಕೂ ಬದಿಗೂ ಕಾಂಕ್ರೀಟು ಬೇಕೇ ಬೇಕು. ಬರೀ ಮಣ್ಣಿನ ಅಗಳ ಹೊಡೆದರೆ ಅದೇ ನೀರನ್ನು ನಿಲ್ಲಿಸಿ ಧರೆಯ ಬೆನ್ನಿಗೆ ಇಳಿಸುವುದರಿಂದ ಕಾಲುವೆ ಇಲ್ಲದಿರುವುದೇ ವಾಸಿ. ಕಾಂಕ್ರೀಟಿನ ಕೀಲುಗಳು ಬಾಯಿಬಿಟ್ಟರೂ ಅಷ್ಟೇ ಹಾನಿ. ತೊಂದರೆ ಏನೆಂದರೆ ಆ ಮೂರು ಮೀಟರ್ ಹಿಂದಿನ ಜಾಗ ಹೆದ್ದಾರಿಯ ಗಡಿ ಕಲ್ಲಿನಿಂದ ಆಚೆ ಬೀಳುತ್ತದೆ. ಅರಣ್ಯದ್ದೋ, ಯಾರದೋ ಬೆಟ್ಟವೋ. ಗಡಿಯಾಚೆಯ ಕೆಲಸಕ್ಕೆ ಅಳತೆ ಇಲ್ಲ, ಅಳತೆ ಇಲ್ಲದ್ದಕ್ಕೆ ಬಿಲ್ಲಿಲ್ಲ.

ಕಾಲುವೆ ಇದ್ದರೂ ಅದರಲ್ಲಿ ಬಿದ್ದ ಎಲೆ ತೆಗೆಯುವವರು ಯಾರು? ಮೊದಲು ಲೋಕೋಪಯೋಗಿ ಇಲಾಖೆಯಲ್ಲಿ ಗ್ಯಾಂಗ್‌ಮನ್‌ಗಳಿದ್ದರು. ಒಬ್ಬೊಬ್ಬರಿಗೆ ರಸ್ತೆಯ ಇಂತಿಷ್ಟು ಉದ್ದ. ಮೇ ಕೊನೆಯಲ್ಲಿ ಗಟಾರ ಬಿಡಿಸುವುದು, ಮೋರಿಯ ಬಾಯಿಂದ ತರಗೆಲೆ ಎಳೆಯುವುದು, ಧರೆಯಿಂದ ಮಣ್ಣು ಉದುರಿದರೆ ಮೇಸ್ತ್ರಿಗೆ ಹೇಳುವುದು. ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಕಂಬಳಿಕೊಪ್ಪೆ ಹಾಕಿ ಗುದ್ದಲಿ ಹಿಡಿದು ನಡೆಯುತ್ತಿದ್ದ ಅವರಿಗೆ ಭೂವಿಜ್ಞಾನ ಗೊತ್ತಿರಲಿಲ್ಲ, ಆದರೆ ನಿನ್ನೆ ಇಲ್ಲದ ಒರತೆ ಇವತ್ತು ಎದ್ದಿದ್ದು ಗೊತ್ತಾಗುತ್ತಿತ್ತು. ಆ ಹುದ್ದೆಗಳು ನಿವೃತ್ತಿಯೊಂದಿಗೆ ಒಂದೊಂದಾಗಿ ಮುಗಿದವು. ಈಗ ನಿರ್ವಹಣೆ ಎಂದರೆ ಗುಂಡಿ ಮುಚ್ಚುವುದು, ಬಿಳಿಪಟ್ಟಿ ಬಳಿಯುವುದು. ನೋಡುವ ಕೆಲಸಕ್ಕೆ ಘನ ಮೀಟರಿನ ಲೆಕ್ಕ ಬರುವುದಿಲ್ಲವಲ್ಲ.

ಮೊದಲು ನೋಡುವವರು ಇಲ್ಲ ಎಂದಲ್ಲ. ಹಿಟಾಚಿ ಆಪರೇಟರ್ ನೋಡಿರುತ್ತಾನೆ. ಬಕೆಟ್ಟಿನ ಹಲ್ಲಿಗೆ ಕೆಂಪು ಹೋಗಿ ಬಿಳಿ ಮೆತ್ತಿಕೊಳ್ಳತೊಡಗಿದ ಕ್ಷಣ ಅವನಿಗೆ ತಿಳಿಯುತ್ತದೆ, ಅವನ ಸಂಬಳ ಗಂಟೆ ಲೆಕ್ಕದ್ದು. ಧರೆಯ ಮೇಲಿನ ಮನೆಯವರು ನೋಡಿರುತ್ತಾರೆ. "ಸಾಹೇಬ್ರೆ, ಹಕ್ಕಲದಲ್ಲಿ ನೆಲ ಬಿರಿದಿದೆ, ಕೈ ಹೋಗುವಷ್ಟು" ಎಂದರೆ ಸಿಗುವ ಉತ್ತರ, "ಬರೆದು ಕೊಡಿ." ಬರೆದು ಕೊಟ್ಟ ಅರ್ಜಿ ಪಂಚಾಯಿತಿಯಿಂದ ತಹಶೀಲ್ದಾರರಿಗೆ, ಅಲ್ಲಿಂದ ಉಪವಿಭಾಗಕ್ಕೆ, ಅಲ್ಲಿಂದ ಹೆದ್ದಾರಿಯವರಿಗೆ, ಅವರಿಂದ ಗುತ್ತಿಗೆದಾರರಿಗೆ "ಮುಂದಿನ ಕ್ರಮಕ್ಕಾಗಿ" ಹೋಗುತ್ತದೆ. ಪ್ರತಿ ಮೇಜಿನಲ್ಲೂ ಒಂದು ಸೀಲು ಬೀಳುತ್ತದೆ, ಪ್ರತಿ ಸೀಲಿನೊಂದಿಗೂ ಒಬ್ಬರ ಹೊಣೆ ಇಳಿಯುತ್ತದೆ. ಬಿರುಕು ಅಷ್ಟರಲ್ಲಿ ಎಷ್ಟು ಅಗಲವಾಯಿತು ಎಂದು ಅಳೆಯಲು ಯಾರೂ ಗುಡ್ಡ ಹತ್ತಿರುವುದಿಲ್ಲ.

ಆ ಅಳತೆಗೆ ಉಪಗ್ರಹ ಬೇಡ. ಬಿರುಕಿನ ಆಚೆ ಒಂದು, ಈಚೆ ಒಂದು ಗೂಟ ಬಡಿದು, ತಲೆಗೊಂದು ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ದಿನಾ ಬೆಳಿಗ್ಗೆ ಟೇಪು ಹಿಡಿದರೆ ಸಾಕು. ದಿನಕ್ಕೆ ಒಂದೆರಡು ಮಿಲಿಮೀಟರ್ ಸಮನಾಗಿ ಸರಿಯುತ್ತಿದ್ದದ್ದು ಏಕಾಏಕಿ ಐದಾಗಿ, ಮರುದಿನ ಹತ್ತಾದರೆ ಕೆಳಗಿನ ರಸ್ತೆ ಮುಚ್ಚಬೇಕು. ಮಳೆ ನಿಂತಿದ್ದರೂ ಮುಚ್ಚಬೇಕು, ಒಳಗಿನ ನೀರು ಆಕಾಶ ನೋಡಿಕೊಂಡು ಕೂರುವುದಿಲ್ಲ. ಬಿರುಕಿಗೆ ಜೇಡಿ ಮಣ್ಣು ತುಂಬಿ, ಮೇಲೆ ತಾಡಪಾಲು ಹಾಸಿ, ಅಂಚಿಗೆ ಕಲ್ಲು ಹೇರಿದರೆ ಒಂದಿಷ್ಟು ದಿನ ಸಿಗುತ್ತದೆ.

ಅದೇ ಗುಡ್ಡ, ಬೇರೆ ದಾರಿ

ರಸ್ತೆಗೆ ಒಂದಿಷ್ಟು ದೂರದಲ್ಲಿ, ಇದೇ ಮಣ್ಣಿನ ಇದೇ ಗುಡ್ಡಗಳನ್ನು ಕಡಿದು ಕೊಂಕಣ ರೈಲು ಓಡುತ್ತಿದೆ. ಅದೂ ಪಾಠ ಕಲಿತದ್ದು ಹೆಣ ಎಣಿಸಿಯೇ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟ ರಜಾಕಾಲದ ವಿಶೇಷ ಗಾಡಿ ಮಹಾರಾಷ್ಟ್ರದ ವೈಭವವಾಡಿಯ ಹತ್ತಿರ ಹಳಿ ಮೇಲೆ ಬಿದ್ದ ಧರೆಗೆ ಡಿಕ್ಕಿ ಹೊಡೆದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದ ಜೂನಿನಲ್ಲೇ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಆಮೇಲೆ ಧರೆಗಳನ್ನು ಹಿಂದಕ್ಕೆ ಸವರಿದರು, ಬಂಡೆ ತಡೆಯುವ ಬಲೆ ಕಟ್ಟಿದರು. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ನಡೆಸುತ್ತಾರೆ, ಕಣ್ಣು ಕಾಣದಷ್ಟು ಸುರಿದರೆ ಗಂಟೆಗೆ ನಲವತ್ತು ಕಿಲೋಮೀಟರ್ ಮೀರಬೇಡಿ ಎಂದು ಚಾಲಕರಿಗೆ ಸೂಚನೆ. ಗಾಡಿ ತಡ ಎಂದು ಕರಾವಳಿಯಲ್ಲಿ ಯಾರೂ ಜೂನ್ ತಿಂಗಳಲ್ಲಿ ಜಗಳ ತೆಗೆಯುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಮಳೆಗಾಲದ ಗಸ್ತು. ಟಾರ್ಚು, ಕೆಂಪು ಬಾವುಟ, ಹಳಿಗೆ ಸಿಕ್ಕಿಸಿ ಗಾಡಿ ನಿಲ್ಲಿಸುವ ಪಟಾಕಿ, ಬೆನ್ನಿಗೊಂದು ರೇನ್‌ಕೋಟು. ರಾತ್ರಿಯಿಡೀ ತನ್ನ ಪಾಲಿನ ಉದ್ದ ನಡೆದು, ಆ ತುದಿಯಲ್ಲಿ ಇನ್ನೊಬ್ಬನನ್ನು ಕಂಡು ಹಿಂದಿರುಗುವ ಕೆಲಸ. ಗಸ್ತಿನವನ ಕೈಯಲ್ಲೊಂದು ಪುಸ್ತಕ ಇರುತ್ತದೆ, ಸ್ಟೇಷನ್ ಮಾಸ್ತರರು ಅದಕ್ಕೆ ಸಮಯ ಬರೆದು ರುಜು ಹಾಕಬೇಕು. ಮಂಗಳವಾರ ರಾತ್ರಿ ಎರಡು ಗಂಟೆಗೆ ಈ ಧರೆಯನ್ನು ನೋಡಿದವರು ಯಾರು ಎಂದರೆ ಬೆರಳಿಟ್ಟು ತೋರಿಸಬಹುದು. ರೈಲಿಗೆ ಇದು ಸುಲಭವಾಗಲು ಕಾರಣವೂ ಇದೆ: ಹಳಿ, ಧರೆ, ಗಾಡಿ ಮೂರಕ್ಕೂ ಯಜಮಾನ ಒಬ್ಬನೇ. ರಸ್ತೆಯಲ್ಲಿ ಡಾಂಬರು ಒಬ್ಬರದು, ಗುಡ್ಡ ಇನ್ನೊಬ್ಬರದು, ಲಾರಿ ಮತ್ತೊಬ್ಬರದು, ಚಹಾದಂಗಡಿ ಬಡವನದು.

ಕೆಳಗಿನಿಂದ ನೋಡಿದರೆ

ಜರಿದ ಮೇಲೆ ಆಗುವ ತಪ್ಪು ಇನ್ನೊಂದು ಬಗೆಯದು. ರಸ್ತೆ ಬಂದಾಯಿತೆಂದರೆ ಎರಡು ಕಡೆ ಕಿಲೋಮೀಟರುಗಟ್ಟಲೆ ವಾಹನ, ಟೀವಿ ಕ್ಯಾಮೆರಾ, ಮೇಲಿನಿಂದ ಫೋನು. ಜೆಸಿಬಿ ಬುಡದಿಂದ ಬಗೆಯಲು ಶುರುಮಾಡುತ್ತದೆ. ಜಾರಿ ಬಂದು ಬುಡದಲ್ಲಿ ಕೂತ ಮಣ್ಣೇ ಆ ಹೊತ್ತಿಗೆ ಮೇಲಿನದನ್ನು ಆತು ಹಿಡಿದಿರುತ್ತದೆ. ಅದನ್ನು ಎಳೆದರೆ ಉಳಿದರ್ಧವೂ ಬರುತ್ತದೆ, ಅದೂ ಕೆಲಸದವರು ಕೆಳಗೆ ನಿಂತಿರುವಾಗ. ಮೇಲಿನಿಂದ ಸವರಿಕೊಂಡು ಬರಬೇಕು, ಅದಕ್ಕೆ ಮೇಲೆ ಹತ್ತುವ ದಾರಿ ಬೇಕು. ನೆಟ್ಟಗೆ ಕಡಿದ ಧರೆಗೆ ದಾರಿಯೂ ಇರುವುದಿಲ್ಲ. ಆದ್ದರಿಂದ ಕನಿಷ್ಠ ಒಬ್ಬನನ್ನು ಸೀಟಿ ಕೊಟ್ಟು ಎದುರು ಬದಿಯಲ್ಲಿ ನಿಲ್ಲಿಸಬೇಕು, ಅವನಿಗೆ ನೆತ್ತಿ ನೋಡುವುದರ ಹೊರತು ಬೇರೆ ಕೆಲಸ ಹೇಳಬಾರದು.

ಇನ್ನು ಸಿಮೆಂಟು ಬಳಿದು ಗೋಡೆಯಂತೆ ಮಾಡಿದ ಧರೆಗಳು. ನೋಡುವುದಕ್ಕೆ ಭದ್ರ. ನೀರು ಹೊರಬರಲೆಂದು ಅದರಲ್ಲಿ ಒಂದೂವರೆ ಮೀಟರಿಗೊಂದರಂತೆ ನಾಲ್ಕಿಂಚಿನ ಪೈಪು ಇಟ್ಟಿರುತ್ತಾರೆ. ಪೈಪು ಹೊರಕ್ಕೆ ಬಾಗಿರಬೇಕು, ಹಿಂದುಗಡೆ ಜಲ್ಲಿಯ ಪದರ ಇರಬೇಕು, ಮಣ್ಣು ಕೊಚ್ಚಿ ಬಾರದ ಹಾಗೆ ಬಟ್ಟೆ ಸುತ್ತಿರಬೇಕು. ಎಷ್ಟೋ ಕಡೆ ಪೈಪು ಸಿಮೆಂಟಿನ ದಪ್ಪಕ್ಕೇ ನಿಂತಿರುತ್ತದೆ, ಮಣ್ಣನ್ನೇ ಮುಟ್ಟಿರುವುದಿಲ್ಲ; ಇಲ್ಲವೇ ಸಿಮೆಂಟು ಸಿಡಿಸುವಾಗ ಬಾಯಿ ಕಟ್ಟಿಹೋಗಿರುತ್ತದೆ. ಬಿಲ್ಲಿನಲ್ಲಿ ಎಣಿಕೆ ಸರಿಯಾಗಿಯೇ ಇರುತ್ತದೆ. ಪೈಪಿನಿಂದ ತಿಳಿನೀರು ಸುರಿಯುತ್ತಿದ್ದರೆ ಒಳ್ಳೆಯದು. ತಿಳಿಯಾಗಿದ್ದದ್ದು ಹಾಲಿನಂತೆ ಬಿಳಿಯಾದರೆ ಒಳಗೆ ಶೇಡಿ ಕರಗುತ್ತಿದೆ ಎಂದರ್ಥ. ಮೂರು ದಿನ ಬಿಡದೆ ಮಳೆ ಹೊಯ್ದ ಮೇಲೂ ಪೈಪುಗಳ ಬಾಯಿ ಒಣಗಿ ಧೂಳು ಕೂತಿದ್ದರೆ ಆ ನೀರೆಲ್ಲ ಗೋಡೆಯ ಹಿಂದೆ ನಿಂತಿದೆ. ಅಂಥ ಕಡೆ ಚಹಾಕ್ಕೆಂದು ಗಾಡಿ ನಿಲ್ಲಿಸಬೇಡಿ.